ಹೊರದೇಶದ ಪ್ರಯಾಣ: ಊರಿನಲ್ಲಿಯೇ ಆಗಬೇಕಾದ ಸಿದ್ಧತೆ

(ಹೊನ್ನಾವರ, ಭಟ್ಕಳ ಹಾಗೂ ಕುಮಟಾ ತಾಲೂಕುಗಳ ಗ್ರಾಮ ಪಂಚಾಯತ ಸದಸ್ಯರಿಗಾಗಿ ಮಂಕಿಯಲ್ಲಿ ಏರ್ಪಡಿಸಿದ್ದ ತರಬೇತಿ ಕಾರ್ಯಕ್ರಮದಲ್ಲಿ ಸಂಪನ್ಮೂಲ ವ್ಯಕ್ತಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ. ಸದಸ್ಯರ ಉಪಯೋಗಕ್ಕಾಗಿ ಪ್ರಕಟಿಸಲಾಗಿದೆ.)



ಗ್ರಾಮ ಪಂಚಾಯತದ ಕರ್ತವ್ಯಗಳ ಪಟ್ಟಿಯಲ್ಲಿ ಕುಡಿಯುವ ನೀರು, ಬೀದಿದೀಪ, ರಸ್ತೆ, ಉದ್ಯೋಗ ಖಾತರಿ ಮೊದಲಾದ ವಿಷಯಗಳಿವೆ. ವಿಮಾನಯಾನದ ಪ್ರಸ್ತಾಪ ಆ ಪಟ್ಟಿಯಲ್ಲಿ ಇಲ್ಲ. ಆದರೂ ನಮ್ಮ ಕರಾವಳಿಯ ಸದಸ್ಯರ ಬಾಗಿಲಿಗೆ ಈ ವಿಷಯ ಬಂದೇ ಬರುತ್ತದೆ. ಮಗನ ಪಾಸ್‌ಪೋರ್ಟಿಗೆ ಜನನ ಪ್ರಮಾಣಪತ್ರ ಬೇಕೆಂದು ತಂದೆ ಬರುತ್ತಾರೆ. ಗಂಡನಿಂದ ಎರಡು ತಿಂಗಳಿಂದ ಫೋನ್ ಇಲ್ಲವೆಂದು ಹೆಣ್ಣುಮಗಳೊಬ್ಬಳು ಬರುತ್ತಾಳೆ. ಪರದೇಶದಲ್ಲಿ ತೀರಿಕೊಂಡವರ ಶರೀರವನ್ನು ಊರಿಗೆ ತರಿಸುವುದು ಹೇಗೆಂದು ಕೇಳುತ್ತ ಇಡೀ ಕುಟುಂಬವೇ ಬರುತ್ತದೆ. ಆದುದರಿಂದ ಈ ವಿಷಯವನ್ನು ತಮ್ಮ ಮುಂದಿಡಲು ಜಿಲ್ಲಾ ಪಂಚಾಯತವು ಅವಕಾಶ ಕಲ್ಪಿಸಿರುವುದು ಉಚಿತವೇ ಆಗಿದೆ.

ಮಂಕಿ, ಮುರ್ಡೇಶ್ವರ, ಭಟ್ಕಳಗಳ ನವಾಯತ ಕುಟುಂಬಗಳು ತಲೆಮಾರುಗಳಿಂದ ಸಮುದ್ರದಾಚೆಯ ವ್ಯಾಪಾರವನ್ನು ಬಲ್ಲವು. 1970ರ ದಶಕದಲ್ಲಿ ಕೊಲ್ಲಿ ದೇಶಗಳಲ್ಲಿ ತೈಲದ ಆದಾಯ ಹೆಚ್ಚಿದಾಗ ಆ ದಾರಿ ಇನ್ನಷ್ಟು ಅಗಲವಾಯಿತು. ಅಂದು ಹೋದವರಿಗೆ ಅಲ್ಲಿ ಅಣ್ಣನೋ ಚಿಕ್ಕಪ್ಪನೋ ಇರುತ್ತಿದ್ದರು. ವಿಮಾನ ನಿಲ್ದಾಣಕ್ಕೆ ಬಂದು ಕರೆದುಕೊಂಡು ಹೋಗುವವರು, ಮೊದಲ ತಿಂಗಳ ಊಟ ಹಾಕುವವರು, ಅರಬಿ ಕಾಗದವನ್ನು ಓದಿ ಹೇಳುವವರು ಅವರೇ. ಇಂದು ಮೀನುಗಾರ ಯುವಕರು, ಚಾಲಕರು, ಎಲೆಕ್ಟ್ರಿಷಿಯನ್ನರು, ನರ್ಸಿಂಗ್ ಕಲಿತ ಹೆಣ್ಣುಮಕ್ಕಳು, ಹೀಗೆ ಎಲ್ಲ ಸಮುದಾಯಗಳ ಮಕ್ಕಳೂ ಹೊರಡುತ್ತಿದ್ದಾರೆ. ಅವರಲ್ಲಿ ಅನೇಕರಿಗೆ ಅಲ್ಲಿ ಕಾಯುವ ಬಂಧುಗಳಿಲ್ಲ. ಬಂಧುಗಳು ಮಾಡುತ್ತಿದ್ದ ಕೆಲಸವನ್ನು ಈಗ ತಿಳಿವಳಿಕೆ ಮಾಡಬೇಕಾಗಿದೆ.

ನನ್ನ ಮಾತಿನ ಸಾರ ಇಷ್ಟೇ: ಪರದೇಶದಲ್ಲಿ ಒದಗುವ ಕಷ್ಟಗಳಲ್ಲಿ ಹೆಚ್ಚಿನವುಗಳ ಬೀಜ ಊರಿನಲ್ಲಿಯೇ ಬಿದ್ದಿರುತ್ತದೆ. ಓದದೆ ಸಹಿ ಮಾಡಿದ ಕಾಗದ, ಪರಿಶೀಲಿಸದ ವೀಸಾ, ಮನೆಯಲ್ಲಿ ಪ್ರತಿ ಉಳಿಸದ ದಾಖಲೆ ಇವೇ ಆ ಬೀಜಗಳು. ವಿಮಾನ ಹಾರಿದ ಮೇಲೆ ಇವನ್ನು ಸರಿಪಡಿಸುವುದು ಬಹಳ ಕಷ್ಟ. ಹಾರುವ ಮುನ್ನ ಸರಿಪಡಿಸಲು ಒಂದು ದಿನದ ಗಮನ ಸಾಕು.

ಒಂದು: ಹೆಸರು ಮತ್ತು ಜನ್ಮದಿನಾಂಕ

ಸಿದ್ಧತೆಯ ಮೊದಲ ಮೆಟ್ಟಿಲು ಪಾಸ್‌ಪೋರ್ಟ್. ಅದರ ಬುನಾದಿ ಗ್ರಾಮದ ದಾಖಲೆಯಲ್ಲಿದೆ. 2023ರ ಅಕ್ಟೋಬರ್ 1ರಂದು ಅಥವಾ ಆ ಬಳಿಕ ಜನಿಸಿದ ಮಕ್ಕಳಿಗೆ ಜನ್ಮದಿನಾಂಕದ ಆಧಾರವಾಗಿ ಜನನ ಪ್ರಮಾಣಪತ್ರವೊಂದನ್ನೇ ಪಾಸ್‌ಪೋರ್ಟ್ ಕಚೇರಿ ಒಪ್ಪುತ್ತದೆ. ಹೆರಿಗೆಯಾದ 21 ದಿನಗಳೊಳಗೆ ನೋಂದಣಿ ಆಗಬೇಕೆಂಬ ನಿಯಮವನ್ನು ಮನೆಮನೆಗೆ ತಲುಪಿಸಿದರೆ, ಮುಂದೆ ಆ ಮಗುವಿನ ಪ್ರಯಾಣದ ಮೊದಲ ತೊಡಕು ಅಂದೇ ನಿವಾರಣೆಯಾಗುತ್ತದೆ. ಒಂದು ವರ್ಷ ಮೀರಿದರೆ ದಂಡಾಧಿಕಾರಿಗಳ ಆದೇಶಕ್ಕಾಗಿ ಅಲೆಯಬೇಕಾಗುತ್ತದೆ.

ದೊಡ್ಡವರ ವಿಷಯದಲ್ಲಿ ತೊಂದರೆ ಇರುವುದು ಹೆಸರಿನಲ್ಲಿ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಇರುವುದು ನಮ್ಮಲ್ಲಿ ಸಾಮಾನ್ಯ. ತಂದೆಯ ಹೆಸರನ್ನು ಇನಿಷಿಯಲ್ ಆಗಿ ಬರೆಯುವ, ಅಡ್ಡಹೆಸರೇ ಇಲ್ಲದ ಪದ್ಧತಿಯೂ ಇದೆ. ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರ್ 21ರಿಂದ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರನ್ನು ಭೇಟಿ ವೀಸಾದ ಮೇಲೆ ಒಳಗೆ ಬಿಡದಿರುವ ನಿಯಮ ತಂದಿದೆ. ತಂದೆಯ ಹೆಸರು ಅಥವಾ ಅಡ್ಡಹೆಸರು ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿದ್ದರೆ ಅದನ್ನು ಪರಿಗಣಿಸಲಾಗುವುದೆಂದು ಆಮೇಲೆ ಸ್ಪಷ್ಟಪಡಿಸಲಾಯಿತು. ಆದರೂ ಟಿಕೆಟಿಗೆ ಹಣ ಕಟ್ಟುವ ಮುನ್ನ ವಿಮಾನ ಸಂಸ್ಥೆಯಲ್ಲಿ ವಿಚಾರಿಸುವುದು ಕ್ಷೇಮ. ಹೆಸರು ತಿದ್ದಬೇಕಾದವರು ಪ್ರಯಾಣಕ್ಕೆ ತಿಂಗಳುಗಳ ಮೊದಲೇ ಆ ಕೆಲಸಕ್ಕೆ ತೊಡಗಬೇಕು. ಮಂಗಳೂರು ಮತ್ತು ಹುಬ್ಬಳ್ಳಿಗಳಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಿವೆ. ವಯಸ್ಕರ 36 ಪುಟಗಳ ಸಾಮಾನ್ಯ ಪಾಸ್‌ಪೋರ್ಟಿಗೆ ಸರ್ಕಾರಿ ಶುಲ್ಕ 1,500 ರೂಪಾಯಿ. ಅದರ ಅವಧಿ 10 ವರ್ಷ. ಪ್ರಯಾಣದ ದಿನಕ್ಕೆ ಕನಿಷ್ಠ ಆರು ತಿಂಗಳ ಅವಧಿ ಬಾಕಿ ಇರಬೇಕೆಂದು ಬಹುಪಾಲು ದೇಶಗಳು ಅಪೇಕ್ಷಿಸುತ್ತವೆ.

ಎರಡು: ಇ.ಸಿ.ಆರ್. ಎಂದರೇನು?

ಹತ್ತನೆಯ ತರಗತಿ ಉತ್ತೀರ್ಣರಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇ.ಸಿ.ಆರ್. ಎಂಬ ಉಲ್ಲೇಖವಿರುತ್ತದೆ. ವಲಸೆ ಪರಿಶೀಲನೆ ಅಗತ್ಯ ಎಂಬುದು ಇದರ ಅರ್ಥ. ಇಂತಹವರು ಸೌದಿ ಅರೇಬಿಯಾ, ಸಂಯುಕ್ತ ಅರಬ್ ಸಂಸ್ಥಾನ, ಕುವೈತ್, ಕತಾರ್, ಓಮನ್, ಬಹರೈನ್, ಮಲೇಷ್ಯಾ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ 1983ರ ವಲಸೆ ಕಾಯ್ದೆಯಂತೆ ವಲಸಿಗರ ರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಈ ಅಧಿಕಾರಿಯ ಕಚೇರಿ ಬೆಂಗಳೂರಿನಲ್ಲಿದೆ. ಅರ್ಜಿಯು ಇ-ಮೈಗ್ರೇಟ್ ಜಾಲತಾಣದ ಮೂಲಕ ಸಾಗುತ್ತದೆ.

ಇದೊಂದು ಕಿರಿಕಿರಿಯ ನಿಯಮವೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಇದು ಓದು ಕಡಿಮೆ ಇರುವ ಕಾರ್ಮಿಕನ ಕೊಡೆ. ಅನುಮತಿ ನೀಡುವ ಮುನ್ನ ಉದ್ಯೋಗದಾತನ ವಿವರ, ಸಂಬಳ, ಒಪ್ಪಂದ ಇವೆಲ್ಲ ಸರ್ಕಾರದ ದಾಖಲೆಗೆ ಸೇರುತ್ತವೆ. ಇದರೊಂದಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯೂ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತು ಮತ್ತು ಅದರ ಮೇಲಿನ ತೆರಿಗೆ ಕಟ್ಟಿದರೆ, ಅಪಘಾತದಲ್ಲಿ ಮರಣ ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದಾಗ 10 ಲಕ್ಷ ರೂಪಾಯಿಗಳ ರಕ್ಷಣೆ ದೊರೆಯುತ್ತದೆ. ಒಂದು ಬುಟ್ಟಿ ಮೀನಿನ ಬೆಲೆಗೂ ಕಡಿಮೆ ಹಣಕ್ಕೆ ಸಿಗುವ ಈ ರಕ್ಷಣೆಯ ಪತ್ರ ಮನೆಯವರ ಕೈಯಲ್ಲಿರಬೇಕು. ಪತ್ರವಿರುವುದೇ ಮನೆಯವರಿಗೆ ಗೊತ್ತಿಲ್ಲದಿದ್ದರೆ ವಿಮೆ ಇದ್ದೂ ಇಲ್ಲದಂತೆ.

ಈ ಪರಿಶೀಲನೆಯನ್ನು ತಪ್ಪಿಸಲು ಕೆಲವರು ಭೇಟಿ ವೀಸಾದ ಮೇಲೆ ಹೋಗಿ ಅಲ್ಲಿ ಕೆಲಸಕ್ಕೆ ಸೇರುವ ದಾರಿ ಹಿಡಿಯುತ್ತಾರೆ. ಭೇಟಿ ವೀಸಾದ ಮೇಲೆ ಕೆಲಸ ಮಾಡುವುದು ಕೊಲ್ಲಿ ದೇಶಗಳಲ್ಲಿ ಅಪರಾಧ. ಅಂತಹವನಿಗೆ ಸಂಬಳ ಕೊಡದಿದ್ದರೆ ಆತ ಕಾರ್ಮಿಕ ನ್ಯಾಯಾಲಯದ ಬಾಗಿಲು ತಟ್ಟಲೂ ಹಿಂಜರಿಯುತ್ತಾನೆ. ಅವಧಿ ಮೀರಿದಷ್ಟು ದಿನ ದಂಡ ಏರುತ್ತ ಹೋಗುತ್ತದೆ. ಹೀಗೆ ಸಿಲುಕಿದವರಿಗಾಗಿ ಸಂಯುಕ್ತ ಅರಬ್ ಸಂಸ್ಥಾನವು 2024ರ ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರವರೆಗೆ ದಂಡವಿಲ್ಲದೆ ದೇಶ ಬಿಡುವ ಅಥವಾ ದಾಖಲೆ ಸರಿಪಡಿಸಿಕೊಳ್ಳುವ ಅವಕಾಶ ನೀಡಿತ್ತು. ಇಂತಹ ಕ್ಷಮಾದಾನ ಎಂದೋ ಒಮ್ಮೆ ಬರುವಂಥದು. ಅದನ್ನು ನಂಬಿ ಹೊರಡುವುದು ಉಬ್ಬರವನ್ನು ನಂಬಿ ದೋಣಿಯನ್ನು ಮರಳಿನ ಮೇಲೆ ಬಿಟ್ಟಂತೆ.

‘ಫ್ರೀ ವೀಸಾ’ ಅಥವಾ ‘ಆಜಾದ್ ವೀಸಾ’ ಎಂಬ ಮಾತೂ ನಮ್ಮ ಪೇಟೆಗಳಲ್ಲಿ ಪ್ರಚಲಿತವಾಗಿದೆ. ಯಾರ ಬಳಿಯಾದರೂ ಕೆಲಸ ಮಾಡಬಹುದೆಂದು ಹೇಳಿ ಇದಕ್ಕೆ ಲಕ್ಷಗಟ್ಟಲೆ ಕೇಳುತ್ತಾರೆ. ಕಾನೂನಿನಲ್ಲಿ ಇಂತಹ ವೀಸಾ ಇಲ್ಲ. ವೀಸಾ ಯಾರ ಹೆಸರಿನಲ್ಲಿದೆಯೋ ಅವರ ಬಳಿಯೇ ಕೆಲಸ ಮಾಡಬೇಕು. ಆತ ಕೆಲಸಗಾರ ಪರಾರಿಯಾಗಿದ್ದಾನೆಂದು ದೂರಿತ್ತರೆ, ಸೌದಿಯಲ್ಲಿ ‘ಹುರೂಬ್’ ಎನ್ನುತ್ತಾರಲ್ಲ, ಅದು ದಾಖಲಾಗುತ್ತದೆ. ಆಮೇಲೆ ಊರಿಗೆ ಮರಳುವುದೂ ಕಷ್ಟ.

ಮೂರು: ಏಜೆಂಟರನ್ನು ಕೇಳಬೇಕಾದ ಐದು ಪ್ರಶ್ನೆಗಳು

ಹಣ ಕೈಬದಲಾಗುವ ಮುನ್ನ ಈ ಐದು ಪ್ರಶ್ನೆಗಳಿಗೆ ಉತ್ತರ ದೊರೆಯಬೇಕು. ಸದಸ್ಯರು ಇವನ್ನು ತಮ್ಮ ದಿನಚರಿಯಲ್ಲಿ ಬರೆದಿಟ್ಟುಕೊಳ್ಳಬೇಕೆಂದು ವಿನಂತಿ.

1. ತಮ್ಮ ಪರವಾನಗಿ ಸಂಖ್ಯೆ ಯಾವುದು? ವಿದೇಶಾಂಗ ಸಚಿವಾಲಯವು ಪರವಾನಗಿ ನೀಡಿದ ನೇಮಕಾತಿ ಏಜೆಂಟರ ಪಟ್ಟಿ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ಅಲ್ಲಿ ಹೆಸರು, ವಿಳಾಸ ಮತ್ತು ಪರವಾನಗಿಯ ಸ್ಥಿತಿ ಮೂರನ್ನೂ ನೋಡಬೇಕು. ‘ನಾನು ಮುಂಬೈಯ ದೊಡ್ಡ ಏಜೆನ್ಸಿಯ ಕಡೆಯವನು’ ಎನ್ನುವ ಉಪ ಏಜೆಂಟರಿಗೆ ಕಾನೂನಿನಲ್ಲಿ ಸ್ಥಾನವಿಲ್ಲ.

2. ಶುಲ್ಕ ಎಷ್ಟು? ರಸೀದಿ ಕೊಡುವಿರಾ? ನೇಮಕಾತಿ ಏಜೆಂಟರು ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲೆ ಶೇಕಡಾ 18ರ ಜಿ.ಎಸ್.ಟಿ., ಅಂದರೆ ಒಟ್ಟು 35,400 ರೂಪಾಯಿ. ಲಕ್ಷ, ಎರಡು ಲಕ್ಷ ಕೇಳುವವರು ಯಾವ ಬಾಬಿಗೆ ಎಂಬುದನ್ನು ಬರೆದು ಕೊಡಲಿ. ಬರೆದು ಕೊಡಲು ಒಪ್ಪದವರೊಂದಿಗೆ ವ್ಯವಹಾರ ಬೇಡ.

3. ಉದ್ಯೋಗದಾತ ಯಾರು? ಸಂಸ್ಥೆಯ ಹೆಸರು, ವಿಳಾಸ, ದೂರವಾಣಿ ಬೇಕು. ‘ಅಲ್ಲಿಗೆ ಹೋದ ಮೇಲೆ ತಿಳಿಯುತ್ತದೆ’ ಎಂಬುದು ಉತ್ತರವಲ್ಲ.

4. ವೀಸಾದಲ್ಲಿ ಬರೆದಿರುವ ವೃತ್ತಿ ಯಾವುದು? ಚಾಲಕನ ಕೆಲಸವೆಂದು ಹೇಳಿ, ವೀಸಾದಲ್ಲಿ ಮನೆಗೆಲಸದವನೆಂದೋ ಕುರಿ ಕಾಯುವವನೆಂದೋ ಇದ್ದರೆ, ಅಲ್ಲಿ ಎಣಿಕೆಗೆ ಬರುವುದು ಬಾಯಿಮಾತಲ್ಲ, ಬರೆದ ಮಾತು.

5. ಒಪ್ಪಂದದ ಪ್ರತಿ ಎಲ್ಲಿ? ಮೂಲ ವೇತನ, ಕೆಲಸದ ಗಂಟೆ, ವಾರದ ರಜೆ, ವಸತಿ, ಊಟ, ಚಿಕಿತ್ಸೆ, ಮರಳುವ ಟಿಕೆಟ್ ಇವೆಲ್ಲ ಅದರಲ್ಲಿರಬೇಕು.

ಐದನೆಯ ಪ್ರಶ್ನೆಯ ಬಗ್ಗೆ ಒಂದು ಮಾತು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಉದ್ಯೋಗದ ಆಹ್ವಾನ ಪತ್ರವನ್ನು ಅರಬಿ ಮತ್ತು ಇಂಗ್ಲಿಷಿನೊಂದಿಗೆ ಕಾರ್ಮಿಕನಿಗೆ ತಿಳಿಯುವ ಮೂರನೆಯ ಭಾಷೆಯಲ್ಲಿಯೂ ಕೊಡುವ ವ್ಯವಸ್ಥೆ ಇದೆ. ಅಲ್ಲಿ ಮಾನ್ಯವಾದ ಭಾಷೆಗಳಲ್ಲಿ ಹಿಂದಿ, ಉರ್ದು, ಮಲಯಾಳಂ, ತಮಿಳು ಇವೆ; ಕನ್ನಡವಿಲ್ಲ. ಆದುದರಿಂದ ಕನ್ನಡ ಮಾತ್ರ ಬಲ್ಲ ಯುವಕನಿಗೆ ಆ ಪತ್ರವನ್ನು ಓದಿ ತಿಳಿಸುವವರು ಊರಿನಲ್ಲಿಯೇ ಸಿಗಬೇಕು. ಗ್ರಾಮ ಪಂಚಾಯತದ ಅರಿವು ಕೇಂದ್ರದಲ್ಲಿ ಗಣಕಯಂತ್ರವಿದ್ದರೆ, ಊರಿನ ನಿವೃತ್ತ ಶಿಕ್ಷಕರೊಬ್ಬರು ಅಥವಾ ಕೊಲ್ಲಿಯಿಂದ ಮರಳಿ ಬಂದವರೊಬ್ಬರು ವಾರಕ್ಕೊಂದು ಸಂಜೆ ಕುಳಿತರೆ ಈ ಕೆಲಸ ನಡೆಯುತ್ತದೆ. ಇದಕ್ಕೆ ಅನುದಾನ ಬೇಕಿಲ್ಲ.

ಈ ಪ್ರಶ್ನೆಗಳನ್ನು ಕೇಳದಿದ್ದರೆ ಏನಾಗುತ್ತದೆಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಭದ್ರತಾ ಕೆಲಸವೆಂದು ನಂಬಿ ಏಜೆಂಟರ ಮೂಲಕ ರಷ್ಯಾಕ್ಕೆ ಹೋದ ಕಲಬುರಗಿ ಜಿಲ್ಲೆಯ ಯುವಕರು ಯುದ್ಧಭೂಮಿಯ ಸಮೀಪ ಸಿಲುಕಿ, 2024ರ ಸೆಪ್ಟೆಂಬರಿನಲ್ಲಿ ಊರಿಗೆ ಮರಳಿದರು. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ಹೋದವರನ್ನು ಗಡಿ ದಾಟಿಸಿ ಮ್ಯಾನ್ಮಾರಿನಲ್ಲಿ ಸೈಬರ್ ವಂಚನೆಯ ಕೆಲಸಕ್ಕೆ ದೂಡಲಾಗುತ್ತಿದೆಯೆಂದು ವಿದೇಶಾಂಗ ಸಚಿವಾಲಯವು 2022ರಲ್ಲಿಯೇ ಎಚ್ಚರಿಸಿತ್ತು. 2025ರ ಮಾರ್ಚಿನಲ್ಲಿ ಅಂತಹ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಕೆಲಸ ಯಾವುದೇ ಇರಲಿ, ದೇಶ ಯಾವುದೇ ಇರಲಿ, ಆ ಐದು ಪ್ರಶ್ನೆಗಳು ಬದಲಾಗುವುದಿಲ್ಲ.

ನಾಲ್ಕು: ಪೆಟ್ಟಿಗೆಯಲ್ಲಿ ಏನಿರಬೇಕು, ಏನಿರಬಾರದು

ಊರಿನ ರುಚಿಯನ್ನು ಕಟ್ಟಿಕೊಡುವುದು ನಮ್ಮ ತಾಯಂದಿರ ಪ್ರೀತಿ. ಆದರೆ ಆ ಪ್ರೀತಿ ಮಗನನ್ನು ಕಸ್ಟಮ್ಸ್ ಅಧಿಕಾರಿಗಳ ಮುಂದೆ ನಿಲ್ಲಿಸಬಾರದು. ಗಸಗಸೆ ನಮ್ಮಲ್ಲಿ ಪಾಯಸದ ಸಾಮಗ್ರಿ. ಸಂಯುಕ್ತ ಅರಬ್ ಸಂಸ್ಥಾನ, ಸೌದಿ, ಕತಾರ್‌ಗಳಲ್ಲಿ ಅದು ಮಾದಕ ವಸ್ತುಗಳ ಸಾಲಿಗೆ ಸೇರುತ್ತದೆ. ಮಸಾಲೆ ಪುಡಿಯಲ್ಲಿ ಬೆರೆತಿದ್ದರೂ ಅಪಾಯವೇ. ಕವಳದ ಅಭ್ಯಾಸವಿರುವವರು ಗಮನಿಸಬೇಕು: ವೀಳ್ಯದೆಲೆ ಮತ್ತು ಪಾನ್ ಸಂಯುಕ್ತ ಅರಬ್ ಸಂಸ್ಥಾನದ ಕಸ್ಟಮ್ಸಿನ ನಿಷೇಧಿತ ಪಟ್ಟಿಯಲ್ಲಿವೆ. ಗುಟ್ಕಾ ಪೊಟ್ಟಣವನ್ನು ಜೇಬಿನಲ್ಲಿ ಮರೆತು ಹೋಗುವುದೂ ಬೇಡ.

ಒಣ ಕೊಬ್ಬರಿಯು ಎಣ್ಣೆಯ ಅಂಶದಿಂದಾಗಿ ಸುಲಭವಾಗಿ ಬೆಂಕಿ ಹಿಡಿಯುವ ವಸ್ತುವಾದುದರಿಂದ ವಿಮಾನದ ಸಾಮಾನಿನಲ್ಲಿ ಅದಕ್ಕೆ ಅವಕಾಶವಿಲ್ಲ. ಉಪ್ಪಿನಕಾಯಿ, ತುಪ್ಪ, ಎಣ್ಣೆಗಳನ್ನು ಕೈಚೀಲದಲ್ಲಿ ಇಡಬಾರದು. ವಿಮಾನ ಸಂಸ್ಥೆಯ ನಿಯಮ ನೋಡಿ, ಸೋರದಂತೆ ಕಟ್ಟಿ, ದೊಡ್ಡ ಪೆಟ್ಟಿಗೆಯಲ್ಲಿ ಇಡಬೇಕು. ಕೈಚೀಲದಲ್ಲಿ ದ್ರವಪದಾರ್ಥದ ಬಾಟಲಿ 100 ಮಿಲಿಲೀಟರಿಗಿಂತ ದೊಡ್ಡದಿರಬಾರದು. ಇದಕ್ಕೆ ತಿರುವುಮುರುವಾಗಿ ಪವರ್ ಬ್ಯಾಂಕ್ ಕೈಚೀಲದಲ್ಲಿಯೇ ಇರಬೇಕು, ಪೆಟ್ಟಿಗೆಯಲ್ಲಿ ಇಡಬಾರದು. ಮೀನುಗಾರರ ಚಾಕು, ಕತ್ತರಿ ಮೊದಲಾದ ಚೂಪಾದ ವಸ್ತುಗಳು ಕೈಚೀಲದಲ್ಲಿ ಬೇಡ.

ಔಷಧದ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಟ್ರಾಮಡಾಲ್ ಮತ್ತು ಕೊಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಔಷಧಿಗಳು ಕೊಲ್ಲಿ ದೇಶಗಳಲ್ಲಿ ನಿಯಂತ್ರಿತ ವಸ್ತುಗಳು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತ್ರೆಗಳನ್ನೂ ಮೂಲ ಪೊಟ್ಟಣದಲ್ಲಿಯೇ, ವೈದ್ಯರ ಇಂಗ್ಲಿಷ್ ಚೀಟಿಯೊಂದಿಗೆ ಒಯ್ಯಬೇಕು. ನಿದ್ರೆಯ ಅಥವಾ ಮನೋರೋಗದ ಔಷಧ ಸೇವಿಸುವವರು ಆ ದೇಶದ ಆರೋಗ್ಯ ಇಲಾಖೆಯ ಪೂರ್ವಾನುಮತಿ ಬೇಕೇ ಎಂದು ಮೊದಲೇ ವಿಚಾರಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು: ಬೇರೆಯವರ ಪೊಟ್ಟಣವನ್ನು ತೆರೆದು ನೋಡದೆ ಒಯ್ಯಬಾರದು. 2019ರಲ್ಲಿ ಮುಂಬೈಯ ದಂಪತಿ ಬಂಧುವೊಬ್ಬರು ಕೊಟ್ಟ ಪೊಟ್ಟಣದೊಂದಿಗೆ ಕತಾರಿಗೆ ಹೋದಾಗ ಅದರಲ್ಲಿ ಸುಮಾರು ನಾಲ್ಕು ಕಿಲೋ ಚರಸ್ ಪತ್ತೆಯಾಯಿತು. ಅವರಿಗೆ ಹತ್ತು ವರ್ಷಗಳ ಶಿಕ್ಷೆಯಾಯಿತು. ಅವರು ನಿರಪರಾಧಿಗಳೆಂದು ಸಾಬೀತಾಗಿ 2021ರಲ್ಲಿ ಬಿಡುಗಡೆ ಹೊಂದುವಷ್ಟರಲ್ಲಿ ಅವರ ಮಗು ಸೆರೆಮನೆಯಲ್ಲಿಯೇ ಹುಟ್ಟಿತ್ತು. ನಮ್ಮೂರಿನಲ್ಲಿ ‘ಇದನ್ನು ನನ್ನ ಅಳಿಯನಿಗೆ ತಲುಪಿಸಿ’ ಎಂದು ಕೊಡುವುದು ಸಲುಗೆಯ ಮಾತು. ಕೊಡುವವರೇ ಎದುರಿಗೆ ಬಿಚ್ಚಿ ತೋರಿಸಿ ಕಟ್ಟಿಕೊಡುವ ಪದ್ಧತಿಯನ್ನು ಬೆಳೆಸೋಣ. ಅದರಿಂದ ಯಾರ ಮಾನಕ್ಕೂ ಕುಂದಿಲ್ಲ.

ಐದು: ಹೊರಡುವ ದಿನ

ಮಂಕಿಯಿಂದ ಮಂಗಳೂರು ವಿಮಾನ ನಿಲ್ದಾಣಕ್ಕೆ ನೂರೈವತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿ. ಗೋವಾ ಉತ್ತರಕ್ಕಿದೆ. ಎರಡಕ್ಕೂ ರಾಷ್ಟ್ರೀಯ ಹೆದ್ದಾರಿ 66ನ್ನೇ ನೆಚ್ಚಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾದುದು, ಹೆದ್ದಾರಿ ಹಲವು ದಿನ ಮುಚ್ಚಿದ್ದುದು ತಮಗೆಲ್ಲ ನೆನಪಿದೆ. ಮಳೆಗಾಲದಲ್ಲಿ ಟಿಕೆಟ್ ಇರುವವರು ಹಿಂದಿನ ದಿನವೇ ನಿಲ್ದಾಣವಿರುವ ಊರನ್ನು ತಲುಪುವುದು ಒಳಿತು. ರೈಲಿನಲ್ಲಿ ಹೋಗುವವರು ಕೊಂಕಣ ರೈಲ್ವೆಯ ಮಳೆಗಾಲದ ಪ್ರತ್ಯೇಕ ವೇಳಾಪಟ್ಟಿಯನ್ನು ನೋಡಬೇಕು.

ಟಿಕೆಟಿನ ದಿನಾಂಕದಲ್ಲಿ ಆಗುವ ತಪ್ಪು ಬಹಳ ಸಾಮಾನ್ಯ. ‘15ನೇ ತಾರೀಖು, 00.40’ ಎಂದಿದ್ದರೆ ಅದು 14ರ ರಾತ್ರಿ ಕಳೆದು, ಮಧ್ಯರಾತ್ರಿಯಾದ ನಲವತ್ತು ನಿಮಿಷಕ್ಕೆ ಹೊರಡುವ ವಿಮಾನ. 14ರ ರಾತ್ರಿ ಒಂಬತ್ತೂವರೆಗೆ ನಿಲ್ದಾಣದಲ್ಲಿರಬೇಕು. ಎಂದರೆ ಮಂಕಿಯಿಂದ ಅಂದು ಮಧ್ಯಾಹ್ನ ನಾಲ್ಕರ ಸುಮಾರಿಗೆ ಹೊರಡಬೇಕು. 15ರ ರಾತ್ರಿ ಹೊರಟವರಿಗೆ ವಿಮಾನ ಸಿಗುವುದಿಲ್ಲ. ತಲುಪುವ ಸಮಯವನ್ನು ಆ ದೇಶದ ಗಡಿಯಾರದಂತೆ ಬರೆದಿರುತ್ತಾರೆ. ದುಬೈ ನಮಗಿಂತ ಒಂದೂವರೆ ಗಂಟೆ, ಸೌದಿ ಎರಡೂವರೆ ಗಂಟೆ ಹಿಂದೆ.

ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮೂರು ಗಂಟೆ ಮೊದಲು ತಲುಪಬೇಕು. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಒಳಗೆ ಆಗುವ ಕೆಲಸಗಳ ಕ್ರಮ ಹೀಗಿದೆ: ಬಾಗಿಲಲ್ಲಿ ಪಾಸ್‌ಪೋರ್ಟ್ ಮತ್ತು ಟಿಕೆಟ್ ತೋರಿಸುವುದು, ಕೌಂಟರಿನಲ್ಲಿ ಪೆಟ್ಟಿಗೆ ಕೊಟ್ಟು ಬೋರ್ಡಿಂಗ್ ಪಾಸ್ ಮತ್ತು ಪೆಟ್ಟಿಗೆಯ ಚೀಟಿ ಪಡೆಯುವುದು, ಇಮಿಗ್ರೇಷನ್‌ನಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸುವುದು, ಭದ್ರತಾ ತಪಾಸಣೆ, ಬಳಿಕ ಬೋರ್ಡಿಂಗ್ ಪಾಸಿನಲ್ಲಿರುವ ಸಂಖ್ಯೆಯ ಗೇಟಿನ ಬಳಿ ಕಾಯುವುದು. ತಿಳಿಯದಿದ್ದಲ್ಲಿ ಸಮವಸ್ತ್ರದಲ್ಲಿರುವ ಸಿಬ್ಬಂದಿಯನ್ನು ಕೇಳಬೇಕು. ಇಮಿಗ್ರೇಷನ್ ಅಧಿಕಾರಿ ಕೇಳಿದ್ದಕ್ಕೆ ನೇರವಾಗಿ, ಸತ್ಯವಾಗಿ ಉತ್ತರಿಸಬೇಕು. ಏಜೆಂಟರು ಹೇಳಿಕೊಟ್ಟ ಸುಳ್ಳನ್ನು ಅಲ್ಲಿ ಹೇಳಬೇಕಾಗಿ ಬಂದರೆ, ಆ ಪ್ರಯಾಣವೇ ಸರಿಯಿಲ್ಲವೆಂದು ತಿಳಿಯಬೇಕು.

ಆರು: ಇಳಿದ ಮೇಲೆ

ಮೊದಲ ದಿನವೇ ಮಾಡಬೇಕಾದ ಕೆಲಸಗಳು ಕೆಲವಿವೆ. ಮನೆಗೆ ಫೋನ್ ಮಾಡಿ ವಸತಿಯ ವಿಳಾಸ, ಕರೆದುಕೊಂಡು ಹೋದವರ ಹೆಸರು ಮತ್ತು ಫೋನ್ ಸಂಖ್ಯೆ ತಿಳಿಸುವುದು ಮೊದಲನೆಯದು. ಬಳಿಕ ವೈದ್ಯಕೀಯ ಪರೀಕ್ಷೆ, ವಾಸದ ಪರವಾನಗಿ, ಗುರುತಿನ ಚೀಟಿ ಇವು ನಿಗದಿತ ಅವಧಿಯಲ್ಲಿ ಆಗುತ್ತಿವೆಯೇ ಎಂದು ಕೇಳುತ್ತಿರಬೇಕು. ಇದು ಉದ್ಯೋಗದಾತನ ಹೊಣೆ. ಆದರೆ ತಡವಾದರೆ ತೊಂದರೆಗೆ ಸಿಲುಕುವವನು ಕಾರ್ಮಿಕನೇ.

ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು. ಅದನ್ನು ಉದ್ಯೋಗದಾತ ತನ್ನ ಬಳಿ ಇಟ್ಟುಕೊಳ್ಳುವುದು ಕೊಲ್ಲಿ ದೇಶಗಳ ಕಾನೂನಿಗೂ ವಿರುದ್ಧ. ಆದರೂ ಅದು ನಡೆಯುತ್ತದೆ. ಆದುದರಿಂದ ಮೊದಲ ಮತ್ತು ಕೊನೆಯ ಪುಟಗಳ ಹಾಗೂ ವೀಸಾದ ಪ್ರತಿ ಕಾರ್ಮಿಕನ ಬಳಿಯೂ ಮನೆಯಲ್ಲಿಯೂ ಇರಬೇಕು. ಅಲ್ಲಿಯ ಕಾನೂನುಗಳಲ್ಲಿ ನಮ್ಮವರು ಅರಿಯದೆ ಎಡವುವುದು ಮೊಬೈಲಿನಿಂದ: ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಚಿತ್ರ ತೆಗೆಯುವುದು, ವಾಟ್ಸಾಪಿನಲ್ಲಿ ಬೈಗುಳ ಕಳುಹಿಸುವುದು ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಶಿಕ್ಷಾರ್ಹ ಅಪರಾಧ.

ಕಷ್ಟ ಬಂದಾಗ ಯಾರನ್ನು ಕೇಳಬೇಕು? ಆ ದೇಶದ ಭಾರತೀಯ ರಾಯಭಾರ ಕಚೇರಿ ಅಥವಾ ದೂತಾವಾಸವನ್ನು. ಅಲ್ಲಿ 2009ರಲ್ಲಿ ಸ್ಥಾಪಿತವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿದೆ. ಕಷ್ಟದಲ್ಲಿರುವವರ ತಾತ್ಕಾಲಿಕ ವಸತಿ, ಮರಳುವ ಟಿಕೆಟ್, ಕಾನೂನು ನೆರವು, ಗತಿಯಿಲ್ಲದವರ ಪಾರ್ಥಿವ ಶರೀರದ ರವಾನೆ ಇವುಗಳಿಗೆ ಅದರಿಂದ ನೆರವು ದೊರೆಯುತ್ತದೆ. ಊರಿನಲ್ಲಿರುವ ಕುಟುಂಬ 2015ರಲ್ಲಿ ಆರಂಭವಾದ ‘ಮದದ್’ ಜಾಲತಾಣದಲ್ಲಿ ದೂರು ದಾಖಲಿಸಬಹುದು. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ದೂರವಾಣಿ ಭಾರತದಲ್ಲಿ 1800 11 3090. ರಾಜ್ಯದಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ.

ಏಳು: ಮನೆಯಲ್ಲಿ ಉಳಿಯಬೇಕಾದ ಕಡತ

2018ರಲ್ಲಿ ದುಬೈಯಿಂದ ಮೀನುಗಾರಿಕೆಗೆ ತೆರಳಿದ್ದ ನಮ್ಮ ಇದೇ ಕರಾವಳಿಯ 18 ಮೀನುಗಾರರನ್ನು ಜಲಗಡಿ ದಾಟಿದ ಆರೋಪದ ಮೇಲೆ ಇರಾನ್ ವಶಕ್ಕೆ ಪಡೆಯಿತು. ಅವರು ಊರು ಸೇರಲು ತಿಂಗಳುಗಳೇ ಬೇಕಾದವು. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಕಾಳಗ ಆರಂಭವಾದಾಗ ಗಿಡಮೂಲಿಕೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನರು ಅಲ್ಲಿ ಸಿಲುಕಿ, ‘ಆಪರೇಷನ್ ಕಾವೇರಿ’ಯ ಮೂಲಕ ಮರಳಿದರು. ಇಂತಹ ಸಂದರ್ಭದಲ್ಲಿ ಜಿಲ್ಲಾಡಳಿತವು ಮೊದಲು ಕೇಳುವ ಪ್ರಶ್ನೆಗಳು ಒಂದೇ: ಹೆಸರೇನು, ಪಾಸ್‌ಪೋರ್ಟ್ ಸಂಖ್ಯೆ ಎಷ್ಟು, ಯಾರ ಬಳಿ ಕೆಲಸ, ಎಲ್ಲಿದ್ದಾರೆ? ಉತ್ತರ ಮನೆಯಲ್ಲಿದ್ದರೆ ಮನವಿ ಅಂದೇ ಮೇಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಹುಡುಕಾಟದಲ್ಲಿಯೇ ದಿನಗಳು ಕಳೆಯುತ್ತವೆ.

ಆದುದರಿಂದ ಹೊರಡುವ ಪ್ರತಿಯೊಬ್ಬರೂ ಮನೆಯಲ್ಲಿ ಒಂದು ಕಡತ ಇಟ್ಟು ಹೋಗಬೇಕು. ಅದರಲ್ಲಿ ಪಾಸ್‌ಪೋರ್ಟ್, ವೀಸಾ, ಟಿಕೆಟ್, ಒಪ್ಪಂದ, ವಿಮೆ, ಏಜೆಂಟರ ರಸೀದಿ, ಉದ್ಯೋಗದಾತನ ವಿಳಾಸ, ಜೊತೆಗೆ ಕೆಲಸ ಮಾಡುವ ಒಬ್ಬರ ಫೋನ್ ಸಂಖ್ಯೆ ಇವುಗಳಿರಲಿ. ಕಡತ ಇರುವ ಸ್ಥಳ ತಾಯಿಗೂ ಹೆಂಡತಿಗೂ ಗೊತ್ತಿರಬೇಕು. ಗಂಡಸರು ‘ಹೆಂಗಸರಿಗೆ ಇದೆಲ್ಲ ಏಕೆ’ ಎಂದು ಬೀಗದೊಳಗಿಟ್ಟು ಹೋದ ಕಾಗದ ಆಪತ್ತಿನಲ್ಲಿ ಯಾರಿಗೂ ಒದಗುವುದಿಲ್ಲ. ಬ್ಯಾಂಕ್ ಖಾತೆಯನ್ನು ನಿಯಮದಂತೆ ಅನಿವಾಸಿ ಖಾತೆಯಾಗಿ ಬದಲಾಯಿಸಬೇಕು, ನಾಮನಿರ್ದೇಶನ ಮಾಡಿರಬೇಕು, ಹಣವನ್ನು ಹುಂಡಿಯ ಮೂಲಕವಲ್ಲದೆ ಬ್ಯಾಂಕಿನ ಮೂಲಕವೇ ಕಳುಹಿಸಬೇಕು. ಸಂಬಳ ನಿಂತಿದೆಯೆಂದು ದೂರು ಕೊಡುವಾಗ ಆ ಬ್ಯಾಂಕ್ ದಾಖಲೆಯೂ ಸಾಕ್ಷ್ಯವಾಗುತ್ತದೆ.

ಈ ಕಡತವನ್ನು ಪಂಚಾಯತ ಕಚೇರಿಯಲ್ಲಿ ಸಂಗ್ರಹಿಸುವುದು ಬೇಡ. ಪಾಸ್‌ಪೋರ್ಟಿನ ಪ್ರತಿ ಕಂಡವರ ಕೈಗೆ ಸಿಗಬಾರದು. ಪಂಚಾಯತ ಮಾಡಬಹುದಾದುದು ಬೇರೆ ಇದೆ. ಗ್ರಾಮಸಭೆಯಲ್ಲಿ ವರ್ಷಕ್ಕೊಮ್ಮೆ ಈ ವಿಷಯವನ್ನು ಚರ್ಚೆಗೆ ತರಬಹುದು. ಐದು ಪ್ರಶ್ನೆಗಳನ್ನು ಅರಿವು ಕೇಂದ್ರದ ಗೋಡೆಗೆ ಅಂಟಿಸಬಹುದು. ವಾರ್ಡಿನ ಸದಸ್ಯರು ಹೊರಡುವವರ ಮನೆಗೆ ಹೋಗಿ ‘ಕಡತ ಸಿದ್ಧವಾಯಿತೇ’ ಎಂದು ಕೇಳಬಹುದು. ಕೊಲ್ಲಿಯಲ್ಲಿ ಇಪ್ಪತ್ತು, ಮೂವತ್ತು ವರ್ಷ ದುಡಿದು ಬಂದ ಹಿರಿಯರು ಪ್ರತಿ ಊರಿನಲ್ಲಿಯೂ ಇದ್ದಾರೆ. ಅವರ ಅನುಭವ ಅವರ ಮನೆಯ ಜಗಲಿಯಲ್ಲಿಯೇ ಉಳಿಯದೆ, ಜಾತಿ ಮತಗಳ ಎಣಿಕೆಯಿಲ್ಲದೆ ಊರಿನ ಎಲ್ಲ ಮಕ್ಕಳಿಗೂ ಸಿಗುವಂತೆ ಮಾಡುವುದು ಸದಸ್ಯರಿಂದ ಆಗಬಹುದಾದ ದೊಡ್ಡ ಉಪಕಾರ.

ಹೊರದೇಶಕ್ಕೆ ಹೋಗಬೇಡಿರೆಂದು ಹೇಳುವುದು ನನ್ನ ಉದ್ದೇಶವಲ್ಲ. ನಮ್ಮ ಊರುಗಳಲ್ಲಿ ಎಷ್ಟೋ ಮನೆಗಳ ಮಾಡು, ಎಷ್ಟೋ ಮಕ್ಕಳ ಓದು, ಎಷ್ಟೋ ಹಿರಿಯರ ಚಿಕಿತ್ಸೆ ಆ ದುಡಿಮೆಯಿಂದಲೇ ಆಗಿದೆ. ಹೋಗುವವರು ಕಣ್ತೆರೆದು ಹೋಗಲಿ, ಕಾಗದ ಓದಿ ಹೋಗಲಿ, ಮನೆಯವರಿಗೆ ತಿಳಿಸಿ ಹೋಗಲಿ ಎಂಬುದಷ್ಟೇ ಆಶಯ. ಮುಂದಿನ ಸಲ ತಮ್ಮ ಬಳಿಗೆ ಯಾವುದೇ ಯುವಕ ಪಾಸ್‌ಪೋರ್ಟ್ ಅರ್ಜಿಯ ಸಲುವಾಗಿ ಬಂದಾಗ, ಸಹಿ ಅಥವಾ ಸಲಹೆ ನೀಡುವುದರೊಂದಿಗೆ ಆ ಐದು ಪ್ರಶ್ನೆಗಳನ್ನೂ ಕೇಳಿರಿ ಎಂದು ವಿನಂತಿಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.